ಚೆಕ್‌ಪೋಸ್ಟಿನಲ್ಲಿ ಹೋದ ಅಡಿಕೆ ದುಡ್ಡು: ಬಿಡಿಸಿಕೊಳ್ಳಲು ಹಿಡಿದ ಹನ್ನೊಂದು ದಿನ

2024ರ ಲೋಕಸಭಾ ಚುನಾವಣೆಯ ಹೊತ್ತು. ಏಪ್ರಿಲ್ 8ರ ಸಂಜೆ ಚೆಕ್‌ಪೋಸ್ಟಿನಲ್ಲಿ ಜಪ್ತಿಯಾದ 2,35,000 ರೂಪಾಯಿ 18ರ ಮಧ್ಯಾಹ್ನ ಖಜಾನೆಯಿಂದ ವಾಪಸ್ ಸಿಕ್ಕಿತು. ಒಂದು ನೋಟೂ ಕಡಿಮೆಯಿಲ್ಲ. ನಡುವೆ ಹೋದ ದಿನಗಳಲ್ಲಿ ಅರ್ಧ ರಜೆಗೆ ಹೋದವು, ಉಳಿದರ್ಧ ನಮಗೆ ದಾರಿ ಗೊತ್ತಿಲ್ಲದ್ದಕ್ಕೆ. ಆ ಸಲ ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ ಇತ್ತು. ಯಾವ ಚುನಾವಣೆ ಬಂದರೂ ಮಲೆನಾಡಿನಲ್ಲಿ ಅಡಿಕೆ ಮಾರುವವರು, ಮದುವೆ ಮಾಡುವವರು, ಆಸ್ಪತ್ರೆಗೆಂದು ಘಾಟಿ ಇಳಿಯುವವರು ಇರುತ್ತಾರೆ. ಅವರ ಕೆಲಸಕ್ಕೆ ಬರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

ಮೊದಲು ಹಣದ ಲೆಕ್ಕ, ಯಾಕೆಂದರೆ ಮುಂದಿನ ಎಲ್ಲ ತಾಪತ್ರಯ ಅದರಿಂದಲೇ ಹುಟ್ಟಿದ್ದು. ನಾಲ್ಕು ಚೀಲ 'ರಾಶಿ' ದರ್ಜೆಯ ಅಡಿಕೆ ಮಾರಿದ್ದು 1,38,000. ಬ್ಯಾಂಕಿನಿಂದ ತೆಗೆದದ್ದು 60,000. ಮನೆಯ ಹೆಂಗಸರು ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ 37,000. ಮೂರನ್ನೂ ಒಂದೇ ಕೈಚೀಲಕ್ಕೆ ಹಾಕಿ, ಮದುವೆಗೆಂದು ಕುಂದಾಪುರ ಕಡೆಯ ಛತ್ರಕ್ಕೂ ಜವಳಿಗೂ ಅಡುಗೆಯವರಿಗೂ ಕೊಡಲೆಂದು ಹೊರಟದ್ದು. ಹೋದದ್ದು ಪಕ್ಕದ ಮನೆಯವರ ಓಮ್ನಿಯಲ್ಲಿ.

ಹೊಸನಗರ ಕಡೆಯಿಂದ ಘಾಟಿ ಇಳಿದ ಮೇಲೆ ಚೆಕ್‌ಪೋಸ್ಟ್. ಎಸ್‌ಎಸ್‌ಟಿ ಅನ್ನುವ ಸ್ಥಿರ ಕಣ್ಗಾವಲು ತಂಡ ಅಲ್ಲಿರುತ್ತದೆ. ತಂಡಕ್ಕೊಬ್ಬ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಪೊಲೀಸರು, ವಿಡಿಯೊ ಮಾಡುವವರು. ಹೆಂಗಸರ ಕೈಚೀಲವನ್ನು ಮಹಿಳಾ ಅಧಿಕಾರಿ ಇಲ್ಲದೆ ನೋಡುವ ಹಾಗಿಲ್ಲ. ಹಣ ಕಂಡಾಗ ಅವರ ಮುಖದಲ್ಲಿ ವಿಶೇಷವೇನೂ ಕಾಣಲಿಲ್ಲ. ಆ ತಿಂಗಳು ಅಡಿಕೆ ದುಡ್ಡು, ಮದುವೆ ದುಡ್ಡು ದಿನಾ ನೋಡುವವರು ಅವರು. ಬಿಲ್ ಇದೆಯೇ, ಪಾಸ್‌ಬುಕ್ ಇದೆಯೇ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸೀಟು ಎತ್ತಿದವರ ಕೈಗೆ ಒಂದು ಕಟ್ಟು ಕರಪತ್ರ ಸಿಕ್ಕಿತು. ಹಿಂದಿನ ದಿನ ಓಮ್ನಿ ಪ್ರಚಾರಕ್ಕೆ ಹೋಗಿತ್ತು, ಮಿಕ್ಕಿದ್ದು ಸೀಟಿನಡಿ ಉಳಿದಿತ್ತು. ನಮಗೆ ಗೊತ್ತಿರಲಿಲ್ಲ.

ಇಲ್ಲಿ ನಿಯಮ ತಿಳಿದಿರಬೇಕು. '50,000ಕ್ಕಿಂತ ಹೆಚ್ಚು ಒಯ್ಯಬಾರದು' ಎಂದು ಊರಲ್ಲೆಲ್ಲ ಹೇಳುತ್ತಾರೆ. ಚುನಾವಣಾ ಆಯೋಗ 2015ರ ಮೇ ತಿಂಗಳಲ್ಲಿ ಹೊರಡಿಸಿದ ಸೂಚನೆ ಹೇಳುವುದು ಅಷ್ಟು ಮೊಂಡಾಗಿ ಅಲ್ಲ. ಅಭ್ಯರ್ಥಿ, ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ವಾಹನದಲ್ಲಿ 50,000 ಮೀರಿದ ನಗದು ಸಿಕ್ಕರೆ ಜಪ್ತಿ. ಪೋಸ್ಟರ್ ಅಥವಾ ಪ್ರಚಾರ ಸಾಮಗ್ರಿ ಇರುವ ವಾಹನಕ್ಕೂ ಇದೇ ಮಾತು. ಮದ್ಯ, ಆಯುಧ, ಇಲ್ಲವೇ 10,000ಕ್ಕಿಂತ ಹೆಚ್ಚು ಬೆಲೆಯ ಉಡುಗೊರೆ ಆಮಿಷಕ್ಕೆಂದು ಸಾಗುತ್ತಿದ್ದರೂ ಜಪ್ತಿ. ಅಂದರೆ ಹಣ ಎಷ್ಟು ಎನ್ನುವುದರ ಜೊತೆಗೆ ಅದು ಯಾರ ಜೊತೆ, ಯಾವುದರ ಜೊತೆ ಕೂತಿದೆ ಎಂದೂ ನೋಡುತ್ತಾರೆ. ದಾಖಲೆಯಿಲ್ಲದ ಬರೀ ನಗದಿಗೂ ಪ್ರಶ್ನೆ ಬಂದೇ ಬರುತ್ತದೆ, ಆದರೆ ಅಲ್ಲಿ ಮಾತಾಡಲು ಜಾಗವಿದೆ. ಕರಪತ್ರ ಸಿಕ್ಕ ಮೇಲೆ ಆ ಅಧಿಕಾರಿಗೂ ಬೇರೆ ದಾರಿ ಇರಲಿಲ್ಲ.

10 ಲಕ್ಷ ಮೀರಿದ ನಗದಿಗೆ ಬೇರೆ ದಾರಿ: ಅಪರಾಧದ ಅಥವಾ ಪಕ್ಷದ ನಂಟಿನ ಸಂಶಯ ಇಲ್ಲದಿದ್ದರೆ ತಂಡ ಜಪ್ತಿ ಮಾಡದೆ ಆದಾಯ ತೆರಿಗೆಯವರಿಗೆ ತಿಳಿಸುತ್ತದೆ.

ಸಿಟ್ಟು ಬರುವುದು ಸಹಜ. ಆದರೂ ಆ ತಂಡಗಳು ಯಾಕಿವೆ ಎನ್ನುವುದು ಸುಳ್ಳಲ್ಲ. 2016ರಲ್ಲಿ ತಮಿಳುನಾಡಿನ ಅರವಕುರಿಚಿ, ತಂಜಾವೂರು, 2017ರಲ್ಲಿ ಚೆನ್ನೈನ ಆರ್.ಕೆ. ನಗರ, 2019ರಲ್ಲಿ ವೆಲ್ಲೂರು ಲೋಕಸಭಾ ಕ್ಷೇತ್ರ, ಇಷ್ಟೂ ಕಡೆ ಹಣ ಹಂಚಿಕೆಯ ಕಾರಣಕ್ಕೆ ಚುನಾವಣೆಯನ್ನೇ ರದ್ದು ಮಾಡಬೇಕಾಯಿತು. ನಮ್ಮ ರಾಜ್ಯದಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಜಪ್ತಿಯಾದ ನಗದು, ಮದ್ಯ, ವಸ್ತುಗಳ ಒಟ್ಟು ಮೌಲ್ಯ ಸುಮಾರು 84 ಕೋಟಿ, 2023ರಲ್ಲಿ 375 ಕೋಟಿ ದಾಟಿತು. ಹಂಚುವವರು ಜಾಣರು. 40 ಸಾವಿರದಂತೆ ಒಡೆದು ಬೈಕಿನಲ್ಲಿ ಒಯ್ಯುತ್ತಾರೆ, ನೀತಿ ಸಂಹಿತೆ ಬರುವ ಮೊದಲೇ ಕುಕ್ಕರು, ಸೀರೆ ಮನೆ ಸೇರಿಸಿರುತ್ತಾರೆ. ಕೈಚೀಲದಲ್ಲಿ ಇಡೀ ಗಂಟು ಇಟ್ಟುಕೊಂಡು ಹಗಲಲ್ಲಿ ಹೋಗುವವರು ನಮ್ಮಂಥವರೇ. ಹಾಗಾಗಿ ಬಲೆಗೆ ಬೀಳುವವರಲ್ಲಿ ಅಡಿಕೆಯವರು ಹೆಚ್ಚು.

ಜಪ್ತಿಗೆ ಎರಡೂವರೆ ಗಂಟೆ ಹಿಡಿಯಿತು. ಇಬ್ಬರು ಪಂಚರ (ಸಾಕ್ಷಿಗಳ) ಎದುರು ನೋಟು ಎಣಿಸಿ ಮುಖಬೆಲೆವಾರು ಬರೆದರು: 500ರದ್ದು 396, 200ರದ್ದು 150, 100ರದ್ದು 70. ಎಲ್ಲವೂ ವಿಡಿಯೊ ಆಗುತ್ತಿತ್ತು. ಕತ್ತಲಾಗುತ್ತಾ ಬಂದಾಗ 'ಸಹಿ ಹಾಕಿ ಹೊರಡೋಣ' ಎನ್ನುವ ಆತುರ ಬರುತ್ತದೆ. ಬೇಡ. ಮಹಜರಿನ, ಅಂದರೆ ಆ ಜಪ್ತಿ ದಾಖಲೆಯ ಒಂದೊಂದು ಸಾಲೂ ಓದಿ. 396 ಎನ್ನುವುದು ಬರವಣಿಗೆಯಲ್ಲಿ 369 ಆಗಲು ಕ್ಷಣ ಸಾಕು, 13,500 ರೂಪಾಯಿಯ ವ್ಯತ್ಯಾಸ. ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ ಒಂದೇ ಇದೆಯೇ, ವಾಹನದ ಸಂಖ್ಯೆ ಸರಿಯಿದೆಯೇ, ಜಪ್ತಿಯ ಜಾಗ ಯಾವ ವಿಧಾನಸಭಾ ಕ್ಷೇತ್ರ ಎಂದು ಬರೆದಿದ್ದಾರೆ, ಇವನ್ನು ನೋಡಿ. ನೀವು ಹೇಳಿದ ಕಾರಣವನ್ನೂ ಬರೆಸಿ. 'ಮದುವೆ ಖರ್ಚಿಗೆ, ಅಡಿಕೆ ಮಾರಿದ ಹಣ ಎಂದು ತಿಳಿಸಿದರು' ಎಂಬ ಒಂದೇ ಸಾಲು ನಮ್ಮ ಮಹಜರಿನಲ್ಲಿತ್ತು. ಎಂಟು ದಿನದ ನಂತರ, ಜಪ್ತಿ ಹಣ ಬಿಡುವುದೋ ಬೇಡವೋ ಎಂದು ತೀರ್ಮಾನಿಸುವ ಜಿಲ್ಲಾ ಸಮಿತಿ ಮೊದಲು ಓದಿದ್ದು ಆ ಸಾಲನ್ನೇ. ಮೊದಲ ಗಳಿಗೆಯಲ್ಲಿ ಒಂದು, ಆಮೇಲೆ ಇನ್ನೊಂದು ಹೇಳಿದವರ ಗತಿ ಕಷ್ಟ. ಗಾಬರಿಯಲ್ಲಿ 'ನನ್ನದಲ್ಲ ಸಾರ್, ಯಾರೋ ಕೊಟ್ಟದ್ದು' ಎಂದು ಬಾಯಿಗೆ ಬಂದದ್ದು ಹೇಳಬೇಡಿ.

ಮಹಜರಿನ ಪ್ರತಿ ಕೇಳಿ ಪಡೆಯಿರಿ. ಮೇಲ್ಮನವಿ ಎಲ್ಲಿ, ಹೇಗೆ ಎನ್ನುವುದು ಆ ಕಾಗದದಲ್ಲೇ ಇರಬೇಕು, ಬಾಯಲ್ಲೂ ತಿಳಿಸಬೇಕು ಎಂದು ಆಯೋಗದ ಸೂಚನೆಯೇ ಇದೆ. ಇನ್ನೊಂದು ಪ್ರಶ್ನೆ ಅಲ್ಲೇ ಕೇಳಿಬಿಡಿ: 'ಎಫ್‌ಐಆರ್ ಆಗುತ್ತಾ ಸಾರ್?' ಆಗಿದ್ದರೆ ಸಮಿತಿಗೆ ಆ ಹಣದ ಮೇಲೆ ಅಧಿಕಾರವಿಲ್ಲ. ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಬಿಡುಗಡೆ ಅರ್ಜಿ ಹಾಕಬೇಕು, ಆಗ ಅದು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 451 ಅಥವಾ 457ರ ಅಡಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅವು 497 ಮತ್ತು 503ನೇ ಕಲಮುಗಳು. ನಮ್ಮದರಲ್ಲಿ ಎಫ್‌ಐಆರ್ ಆಗಿರಲಿಲ್ಲ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಇದ್ದದ್ದೂ ಪುಣ್ಯ. ಅದಿಲ್ಲದ ಕರಪತ್ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಬೇರೆಯದೇ ಅಪರಾಧ, ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮರುದಿನ ಯುಗಾದಿ. ಬೇವು ಬೆಲ್ಲದಲ್ಲಿ ಬೇವೇ ಜಾಸ್ತಿಯಾಯಿತು ಎಂದು ಮನೆಯಲ್ಲಿ ಹೇಳಿಸಿಕೊಂಡದ್ದು ಬಿಟ್ಟರೆ ಆ ದಿನ ಬೇರೇನೂ ನಡೆಯಲಿಲ್ಲ.

10ನೇ ತಾರೀಕು ದೊಡ್ಡ ತಪ್ಪು ಮಾಡಿದೆವು: ಶಿವಮೊಗ್ಗಕ್ಕೆ ಹೋದೆವು. ನಮ್ಮ ತರ್ಕ ಸರಳ. ನಮ್ಮದು ಶಿವಮೊಗ್ಗ ಕ್ಷೇತ್ರ, ಜಪ್ತಿಯಾದ ಬೈಂದೂರು ಭಾಗವೂ ಶಿವಮೊಗ್ಗ ಲೋಕಸಭಾ ಕ್ಷೇತ್ರ, ಚುನಾವಣಾಧಿಕಾರಿ ಶಿವಮೊಗ್ಗದ ಜಿಲ್ಲಾಧಿಕಾರಿ. ಹಾಗಾದರೆ ಹಣವೂ ಶಿವಮೊಗ್ಗದಲ್ಲೇ ಇರಬೇಕಲ್ಲ? ಇಲ್ಲ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ಶಿವಮೊಗ್ಗ ಜಿಲ್ಲೆಯವು, ಬೈಂದೂರು ಮಾತ್ರ ಉಡುಪಿ ಜಿಲ್ಲೆಯದು. ಜಪ್ತಿ ಹಣದ ಸಮಿತಿ ಇರುವುದು ಜಿಲ್ಲೆಗೊಂದು, ಲೋಕಸಭಾ ಕ್ಷೇತ್ರಕ್ಕೊಂದಲ್ಲ. ಚೆಕ್‌ಪೋಸ್ಟ್ ಯಾವ ಜಿಲ್ಲೆಯ ನೆಲದಲ್ಲಿದೆಯೋ ಆ ಜಿಲ್ಲೆಯ ಸಮಿತಿಯೇ ನೋಡುತ್ತದೆ. ಘಾಟಿಯ ಮೇಲೆ ಸಿಕ್ಕಿಬಿದ್ದರೆ ಶಿವಮೊಗ್ಗ, ಕೆಳಗೆ ಸಿಕ್ಕಿಬಿದ್ದರೆ ಉಡುಪಿ ಜಿಲ್ಲಾಡಳಿತದ ಕಚೇರಿ ಇರುವ ಮಣಿಪಾಲದ ರಜತಾದ್ರಿ. ಕೊಪ್ಪ, ಶೃಂಗೇರಿ ಕಡೆ ಆದರೆ ಚಿಕ್ಕಮಗಳೂರು, ಹೊನ್ನಾಳಿ ಕಡೆ ಆದರೆ ದಾವಣಗೆರೆ, ಸಿದ್ದಾಪುರದತ್ತ ಹೊರಟವರಿಗೆ ಕಾರವಾರ. ಮಲೆನಾಡಿನಲ್ಲಿ ಒಂದು ಗಂಟೆ ಗಾಡಿ ಓಡಿಸಿದರೆ ಜಿಲ್ಲೆ ಬದಲಾಗುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಮತದಾನದ ದಿನದಿಂದ ಏಳು ದಿನಕ್ಕಿಂತ ಹೆಚ್ಚು ಕಾಲ ಇಂಥ ಹಣವನ್ನು ಖಜಾನೆಯಲ್ಲಿ ಬಾಕಿ ಇಡುವಂತಿಲ್ಲ, ಎಫ್‌ಐಆರ್ ಅಥವಾ ದೂರು ದಾಖಲಾಗಿದ್ದರೆ ಮಾತ್ರ ಬೇರೆ. ಆದರೆ ಆ ಸಲ ಉಡುಪಿ ಜಿಲ್ಲೆಯ ಬಹುಭಾಗಕ್ಕೆ ಮತದಾನ ಏಪ್ರಿಲ್ 26ಕ್ಕೆ, ಬೈಂದೂರಿಗೆ ಮೇ 7ಕ್ಕೆ ಇತ್ತು. ಒಂದೇ ಜಿಲ್ಲೆ, ಎರಡು ದಿನಾಂಕ. ಮಹಜರಿನಲ್ಲಿ ವಿಧಾನಸಭಾ ಕ್ಷೇತ್ರ ಯಾವುದೆಂದು ನೋಡಿಕೊಳ್ಳಿ ಅಂದದ್ದು ಇದಕ್ಕೇ. ಏಳು ದಿನ ಎನ್ನುವುದು ಕೊನೆಯ ಗಡಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಜಪ್ತಿಯಾದ ಮರುದಿನವೇ ಅರ್ಜಿ ಕೊಡಬಹುದು.

11ಕ್ಕೆ ರಂಜಾನ್ ರಜೆ. 12ರ ಶುಕ್ರವಾರ ಬೆಳಿಗ್ಗೆ ಮಣಿಪಾಲ ತಲುಪಿದೆವು.

ಸಮಿತಿಯಲ್ಲಿ ಮೂವರು: ಜಿಲ್ಲಾ ಪಂಚಾಯಿತಿಯ ಸಿಇಒ, ಜಿಲ್ಲಾ ಚುನಾವಣಾ ಕಚೇರಿಯ ವೆಚ್ಚ ನಿಗಾ ನೋಡಲ್ ಅಧಿಕಾರಿ, ಜಿಲ್ಲಾ ಖಜಾನಾಧಿಕಾರಿ. ನೋಡಲ್ ಅಧಿಕಾರಿಯೇ ಸಂಚಾಲಕರು. ಅವರ ದೂರವಾಣಿ ಸಂಖ್ಯೆಯನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಬೇಕು ಎಂದಿದೆ. ಚುನಾವಣಾ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿದರೂ ಆಯಿತು. ನಾವು ಇದನ್ನು 10ನೇ ತಾರೀಕು ಮನೆಯಲ್ಲಿ ಕೂತೇ ಮಾಡಿದ್ದರೆ ಶಿವಮೊಗ್ಗದ ಓಡಾಟ ಉಳಿಯುತ್ತಿತ್ತು. ನಿಯಮದ ಪ್ರಕಾರ ಸಮಿತಿ ಪ್ರತಿಯೊಂದು ಜಪ್ತಿಯನ್ನೂ ತಾನಾಗಿಯೇ ಪರಿಶೀಲಿಸಬೇಕು, ಯಾರೂ ಅರ್ಜಿ ಕೊಡಬೇಕೆಂದಿಲ್ಲ. ಆದರೆ ನಿಮ್ಮ ಪಹಣಿ, ಪಾಸ್‌ಬುಕ್ ತಾವಾಗಿಯೇ ನಡೆದು ಹೋಗಿ ಕಡತ ಸೇರುವುದಿಲ್ಲ. ಅರ್ಜಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ನಿಗದಿತ ನಮೂನೆಯನ್ನೂ ನಮ್ಮಲ್ಲಿ ಕೇಳಲಿಲ್ಲ. ಬಿಳಿ ಹಾಳೆಯಲ್ಲಿ ಎರಡು ಪುಟ ಬರೆದು, ಎರಡು ಪ್ರತಿ ಮಾಡಿ, ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೆವು. ಆ ಸ್ವೀಕೃತಿ ಇಲ್ಲದೆ ಹೊರಬರಬೇಡಿ.

ಕಡತ ನೋಡಿದ ಗುಮಾಸ್ತರು ಒಳ್ಳೆಯವರು. ಅಲ್ಲೇ ಹೇಳಿಬಿಟ್ಟರು: 'ಹಣ ಒಂದೇ ಚೀಲದಲ್ಲಿ ಇತ್ತು ಅಂದ್ರೆ ಆಗಲ್ಲ. ಮೂರು ಮೂಲ ಅಂದ್ರಲ್ಲ, ಮೂರಕ್ಕೂ ಬೇರೆಬೇರೆ ಕಾಗದ ಕೊಡಿ. ಆಮೇಲೆ ಆ ಗಾಡಿಯವರದ್ದೊಂದು.' ಅಂದರೆ ನಾಲ್ಕು ಕಡತ. ಮುಂದಿನ ಮೂರು ದಿನ ಅದಕ್ಕೇ ಹೋಯಿತು. 13 ಎರಡನೇ ಶನಿವಾರ, 14 ಭಾನುವಾರ, ಬ್ಯಾಂಕೂ ಇಲ್ಲ, ಕಚೇರಿಯೂ ಇಲ್ಲ.

ಸುಲಭದ್ದು ಬ್ಯಾಂಕಿನ 60,000. ಪಾಸ್‌ಬುಕ್ ಎಂಟ್ರಿ ಸಾಲದು ಎಂದು ನಾವೇ ಅಂದುಕೊಂಡು, ಸೋಮವಾರ ಶಾಖೆಯಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ಮೊಹರು ಹಾಕಿಸಿದೆವು. ಹಣ ತೆಗೆದದ್ದು ಏಪ್ರಿಲ್ 5ಕ್ಕೆ, ಜಪ್ತಿಯಾದದ್ದು 8ಕ್ಕೆ. ದಿನಗಳು ಹತ್ತಿರ ಇದ್ದಷ್ಟೂ ಒಳ್ಳೆಯದು. ಫೆಬ್ರವರಿಯಲ್ಲಿ ತೆಗೆದು ಪೆಟ್ಟಿಗೆಯಲ್ಲಿ ಇಟ್ಟ ಹಣಕ್ಕೆ ಏಪ್ರಿಲ್‌ನಲ್ಲಿ ಸ್ಟೇಟ್‌ಮೆಂಟ್ ತೋರಿಸಿದರೆ, ಅದೇ ಹಣ ಇದು ಎಂದು ನಂಬಿಸುವುದು ಕಷ್ಟ. ಇನ್ನೊಂದು ವಿಷಯ: ಹಿಂದಿನ ಎರಡು ತಿಂಗಳಲ್ಲಿ ಅಂಥ ವಹಿವಾಟೇ ಇಲ್ಲದ ಖಾತೆಯಿಂದ ಚುನಾವಣೆ ಹೊತ್ತಿನಲ್ಲಿ 1 ಲಕ್ಷಕ್ಕಿಂತ ಹೆಚ್ಚು ನಗದು ತೆಗೆದರೆ ಬ್ಯಾಂಕು ಅದನ್ನು ಅಸಹಜ ವಹಿವಾಟು ಎಂದು ಚುನಾವಣಾ ಕಚೇರಿಗೆ ವರದಿ ಮಾಡುತ್ತದೆ. ಒಂದೇ ಖಾತೆಯಿಂದ ಹಲವರಿಗೆ ಹಣ ಹೋದರೂ ಅಷ್ಟೇ. ಹೆದರಬೇಕಿಲ್ಲ, ಕೇಳಿದರೆ ಉತ್ತರ ಇರಲಿ.

ಅಡಿಕೆಯ 1,38,000ದ್ದೇ ರಗಳೆ. ಕೈಯಲ್ಲಿದ್ದದ್ದು ಬಿಳಿ ಚೀಟಿ. ತೂಕ, ದರ, ಮೊತ್ತ ಪೆನ್ನಿನಲ್ಲಿ ಗೀಚಿದ್ದು, ಹೆಸರಿಲ್ಲ, ನಂಬರಿಲ್ಲ, ಮೊಹರಿಲ್ಲ. ಮಲೆನಾಡಿನಲ್ಲಿ ಎಷ್ಟು ಅಡಿಕೆ ಇದರ ಮೇಲೆ ಕೈ ಬದಲಾಯಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಸಮಿತಿಯ ಎದುರು ಅದು ಬರೀ ಕಾಗದದ ಚೂರು. ಮಂಡಿಗೆ ಹೋಗಿ ಸರಿಯಾದ ಪಟ್ಟಿ (ಮಾರಾಟದ ಬಿಲ್ಲು) ಕೊಡಿ ಅಂದರೆ ಮಾಲೀಕರು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಿಸಿದರು. ಅವರ ಕಷ್ಟವೂ ಅರ್ಥವಾಗುತ್ತದೆ: ಪಟ್ಟಿ ಬರೆದರೆ ಮಾರುಕಟ್ಟೆ ಶುಲ್ಕ, ಜಿಎಸ್‌ಟಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ದಿನಾಂಕ, ಬೆಳೆಗಾರರ ಹೆಸರು, ಚೀಲ, ತೂಕ, ದರ ಇರುವ ಪಟ್ಟಿ ಬಂತು. ಮಾರಿದ ದಿನವೇ ಕೇಳಿ ಪಡೆದಿದ್ದರೆ ಐದು ನಿಮಿಷದ ಕೆಲಸ. ಸಹಕಾರಿ ಸಂಘಕ್ಕೆ ಅಡಿಕೆ ಹಾಕುವವರಿಗೆ ಈ ಗೋಳಿಲ್ಲ, ಬಿಲ್ಲೂ ಇರುತ್ತದೆ, ಹಣ ಖಾತೆಗೇ ಬರುತ್ತದೆ.

ಒಂದು ಮಿತಿ ನೆನಪಿರಲಿ. ಆದಾಯ ತೆರಿಗೆ ಕಾಯ್ದೆಯ (ಆಗ 269ಎಸ್‌ಟಿ ಕಲಮು) ಪ್ರಕಾರ ಒಂದೇ ದಿನ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಈ ನಿಯಮ ರೈತರಿಗೂ ಅನ್ವಯ. ನಮ್ಮದು ಅದರೊಳಗೆ ಇತ್ತು. ಮೂರು ಲಕ್ಷದ ನಗದು ಪಟ್ಟಿ ಹಿಡಿದು ಸಮಿತಿಗೆ ಹೋದರೆ ಒಂದು ಕಷ್ಟ ಬಿಡಿಸಲು ಹೋಗಿ ಇನ್ನೊಂದನ್ನು ಕೈಯಾರೆ ಬರೆದು ಕೊಟ್ಟ ಹಾಗೆ.

ಪಟ್ಟಿಯ ಜೊತೆ ಪಹಣಿ ಬೇಕು, ಅಡಿಕೆ ಬೆಳೆಯುವವರೇ ಹೌದೆಂದು ತೋರಿಸಲು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಬೆಳೆ. ಮಲೆನಾಡಿನ ಪಹಣಿ ಎಂದರೆ ಅದರಲ್ಲಿ ತೀರಿಹೋದ ಅಜ್ಜನ ಹೆಸರು ಇರುವುದೇ ಹೆಚ್ಚು. ನಮ್ಮಲ್ಲೂ ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರಲಿಲ್ಲ. ವಂಶವೃಕ್ಷದ ಪ್ರತಿ ಮೊದಲೇ ಮಾಡಿಸಿದ್ದು ಇತ್ತು, ಇಲ್ಲದಿದ್ದರೆ ನಾಡಕಚೇರಿಗೆ ಇನ್ನೊಂದು ಅಲೆದಾಟ. ಬಗರ್‌ಹುಕುಂ ತೋಟದವರಿಗೆ, ಅಂದರೆ ಸರ್ಕಾರಿ ಜಾಗದಲ್ಲಿ ಮಂಜೂರಾತಿಯಿಲ್ಲದೆ ಸಾಗುವಳಿ ಮಾಡುವವರಿಗೆ ಇದು ಇನ್ನೂ ಬಿಗಿ: ಅಡಿಕೆ ನಿಜ, ಮಾರಿದ್ದು ನಿಜ, ಆದರೆ ಪಹಣಿಯಲ್ಲಿ ಸರ್ಕಾರ ಎಂದಿರುತ್ತದೆ. ಅಂಥವರು ಸಕ್ರಮದ ಅರ್ಜಿಯ ಸ್ವೀಕೃತಿ, ಹಿಂದಿನ ವರ್ಷಗಳ ಅಡಿಕೆ ಪಟ್ಟಿ, ಹೀಗೆ ಇದ್ದದ್ದೆಲ್ಲ ಜೋಡಿಸುವುದು ಲೇಸು.

ಸಂಘದ 37,000 ಚಿಕ್ಕ ಮೊತ್ತ. ಹೆಚ್ಚು ಪ್ರಶ್ನೆ ಬಂದದ್ದು ಅದಕ್ಕೇ. ಕಾರಣ ನೋಟುಗಳು. ವಾರದ ಕಂತು ಕಟ್ಟುವವರ ಕೈಯಿಂದ ಬಂದದ್ದಾದ್ದರಿಂದ ಎಲ್ಲ 200, 100ರ ನೋಟು. ಮನೆಮನೆಗೆ ಹಂಚಲು ಅಣಿ ಮಾಡಿದ ಚಿಲ್ಲರೆಯೂ ಹಾಗೇ ಕಾಣುತ್ತದೆ. ಸಂಘಗಳ ಮೂಲಕ ಹಣ ಹಂಚುವ ಚಾಳಿ ಅಧಿಕಾರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಸಂಘದ ನಡಾವಳಿ ಪುಸ್ತಕದಲ್ಲಿ ಸಾಲ ಮಂಜೂರಾದ ಪುಟ, ಸಾಲದ ಲೆಡ್ಜರಿನ ಪುಟ, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಸಹಿ ಹಾಕಿದ ಪತ್ರ, ಈ ಮೂರು ಕೊಟ್ಟೆವು. ನಡಾವಳಿಯ ದಿನಾಂಕ ಜಪ್ತಿಗಿಂತ ಹಿಂದಿನದು ಇರಬೇಕು. ಈಗ ಕೂತು ಹಿಂದಿನ ದಿನಾಂಕ ಹಾಕಿ ಬರೆಯುವ ಸಾಹಸ ಬೇಡ, ಶಾಯಿಯೂ ಪುಟದ ಕ್ರಮವೂ ಹೇಳಿಬಿಡುತ್ತವೆ.

ನಾಲ್ಕನೆಯದು ಓಮ್ನಿ. ಅದರ ಮಾಲೀಕರಿಂದ ಹೇಳಿಕೆ ಬೇಕಿತ್ತು: ಗಾಡಿ ನನ್ನದು, ಕರಪತ್ರ ನಾನು ಇಟ್ಟದ್ದು, 8ರಂದು ಇವರು ಕೇಳಿ ಒಯ್ದರು, ಹಣಕ್ಕೂ ನನಗೂ ಸಂಬಂಧವಿಲ್ಲ. ಅವರು ಮೂರು ದಿನ ತಪ್ಪಿಸಿಕೊಂಡು ಓಡಾಡಿದರು. ಪ್ರಚಾರಕ್ಕೆ ಬಳಸುವ ಗಾಡಿಗೆ ಚುನಾವಣಾಧಿಕಾರಿಯ ಅನುಮತಿ ಪಡೆದು, ಮೂಲ ಪ್ರತಿಯನ್ನು ಮುಂದಿನ ಗಾಜಿಗೆ ಅಂಟಿಸಿರಬೇಕು. ಓಮ್ನಿಗೆ ಅದಿರಲಿಲ್ಲ. ಬರೆದುಕೊಟ್ಟರೆ ತಾನೇ ಸಿಕ್ಕಿಹಾಕಿಕೊಳ್ಳುತ್ತೇನೆ ಎಂಬ ಭಯ. ಭಾನುವಾರ ರಾತ್ರಿ ಭಾವ ಹೋಗಿ ಜಗಲಿಯಲ್ಲಿ ಕೂತು ಹೇಳಿದರು, 'ಕರಪತ್ರ ಆಗಲೇ ಮಹಜರಿನಲ್ಲಿದೆ, ಗಾಡಿ ನಂಬರೂ ಇದೆ. ನೀವು ಬರೆಯದಿದ್ದರೆ ಅದು ಅಳಿಸಿ ಹೋಗಲ್ಲ. ನಮ್ಮ ದುಡ್ಡು ಮಾತ್ರ ಹೋಗುತ್ತೆ.' ಸೋಮವಾರ ಪ್ರಮಾಣಪತ್ರಕ್ಕೆ (ಅಫಿಡವಿಟ್) ಸಹಿ ಬಿತ್ತು. ಅವರಿಗೆ ನೋಟಿಸ್ ಬಂದಿದೆ, ಅದರ ಕತೆ ಇನ್ನೂ ಮುಗಿದಿಲ್ಲ. ನೆರೆಹೊರೆಯ ಸಂಬಂಧದ ಮೇಲೆ ಬಿದ್ದ ಖರ್ಚನ್ನು ಯಾವ ಪಟ್ಟಿಯಲ್ಲೂ ಬರೆಯಲಾಗದು.

16ರ ಮಂಗಳವಾರ ವಿಚಾರಣೆ. ಹನ್ನೊಂದು ಗಂಟೆಗೆ ಬರಹೇಳಿ, ಒಳಗೆ ಕರೆದದ್ದು ಮೂರೂಕಾಲಕ್ಕೆ. ಮತದಾನಕ್ಕೆ ಹತ್ತು ದಿನ ಉಳಿದ ಜಿಲ್ಲೆಯಲ್ಲಿ ಆ ಮೂವರೂ ಬೇರೆ ನೂರು ಕೆಲಸ ಹೊತ್ತವರು. ಊಟದ ಬುತ್ತಿ ಒಯ್ದದ್ದು ಒಳ್ಳೆಯದಾಯಿತು. ಒಳಗೆ ಇಪ್ಪತ್ತು ನಿಮಿಷ. ಕೇಳಿದ್ದು ನಾಲ್ಕೇ ವಿಷಯ: ಹಣ ಎಲ್ಲಿಂದ, ಎಲ್ಲಿಗೆ, ಪಕ್ಷದಲ್ಲಿ ಹುದ್ದೆ ಇದೆಯೇ, ಗಾಡಿ ಯಾಕೆ ಇವರದ್ದು. 'ಎಲ್ಲಿಗೆ' ಎನ್ನುವುದಕ್ಕೆ ಲಗ್ನಪತ್ರಿಕೆಯ ಜೊತೆ ಛತ್ರದ ಬುಕಿಂಗ್ ರಸೀದಿ ಕೊಟ್ಟಿದ್ದೆವು. ಲಗ್ನಪತ್ರಿಕೆ ಒಂದೇ ಸಾಲದು, ಯಾರದ್ದೋ ಮದುವೆಯ ಪತ್ರಿಕೆ ತೋರಿಸುವವರು ಬಹಳ. ರಸೀದಿಯಲ್ಲಿ 'ಬಾಕಿ' ಎಂದು ಬರೆದ ಮೊತ್ತಕ್ಕೂ ಕೈಯಲ್ಲಿದ್ದ ಹಣಕ್ಕೂ ತಾಳೆ ಇದ್ದದ್ದು ನೆರವಿಗೆ ಬಂತು.

ಸಮಿತಿ ಕೊಡುವುದು ಕಾರಣಸಹಿತ ಲಿಖಿತ ಆದೇಶ. ಎಫ್‌ಐಆರ್ ಇಲ್ಲ, ಅಭ್ಯರ್ಥಿ ಅಥವಾ ಪಕ್ಷದೊಂದಿಗೆ ನಂಟು ಕಂಡುಬಂದಿಲ್ಲ, ಮೂಲ ಮತ್ತು ಉದ್ದೇಶಕ್ಕೆ ದಾಖಲೆ ಇದೆ, ಆದ್ದರಿಂದ ಬಿಡುಗಡೆ, ಇಷ್ಟು ಸಾರ. ಮೊತ್ತ 10 ಲಕ್ಷ ಮೀರಿದ್ದರೆ ಬಿಡುಗಡೆಗೆ ಮೊದಲು ಆದಾಯ ತೆರಿಗೆ ನೋಡಲ್ ಅಧಿಕಾರಿಗೆ ತಿಳಿಸಬೇಕಾಗುತ್ತದೆ. ಆದೇಶ ಕೈಸೇರಿದ್ದು 18ರ ಬೆಳಿಗ್ಗೆ. ಖಜಾನೆಯಲ್ಲಿ ಅರಗಿನ ಮೊಹರಿನ ಲಕೋಟೆ ನಮ್ಮೆದುರೇ ಒಡೆದರು. ಎಣಿಸಿ ಮುಗಿಯುವ ತನಕ ರಸೀದಿಗೆ ಸಹಿ ಹಾಕಬೇಡಿ. ಮೂಲ ಆಧಾರ್, ಮಹಜರಿನ ಪ್ರತಿ ಜೊತೆಗಿರಲಿ, ಮಹಜರಿನಲ್ಲಿ ಯಾರ ಹೆಸರಿದೆಯೋ ಅವರೇ ಹೋಗಲಿ.

ಖರ್ಚು: ಓಡಾಟಕ್ಕೆ 5,200, ಎರಡು ಪ್ರಮಾಣಪತ್ರದ ಛಾಪಾ ಕಾಗದ ಮತ್ತು ನೋಟರಿಗೆ 500, ಜೆರಾಕ್ಸಿಗೆ 260. ಯಾರೂ ಒಂದು ರೂಪಾಯಿ ಕೈಯೊಡ್ಡಲಿಲ್ಲ, ಇದನ್ನೂ ಹೇಳಬೇಕು.

ಕಾಯುತ್ತಾ ಕೂತಲ್ಲಿ ಪಕ್ಕದವರೊಬ್ಬರು ಕೇಳಿದರು, ನಿಜವಾಗಿ ಹಂಚುವವರನ್ನು ಹಿಡಿಸುವುದು ಹೇಗೆ ಎಂದು. ಸಿ-ವಿಜಿಲ್ ಆ್ಯಪ್ ಇದೆ. ಫೋಟೊ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ಆ್ಯಪಿನಲ್ಲೇ ತೆಗೆಯಬೇಕು, ಗ್ಯಾಲರಿಯಲ್ಲಿದ್ದದ್ದು ನಡೆಯುವುದಿಲ್ಲ. ತೆಗೆದ ಐದು ನಿಮಿಷದೊಳಗೆ ಕಳಿಸಬೇಕು, ಹೆಸರು ಹೇಳದೆಯೂ ಕಳಿಸಬಹುದು. ನೂರು ನಿಮಿಷದಲ್ಲಿ ಕ್ರಮ ಎನ್ನುವುದು ಲೆಕ್ಕ. ನಮ್ಮ ಕಡೆ ಆ ಐದು ನಿಮಿಷದಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಲಾಗುವುದಿಲ್ಲ, ಅಂಥಲ್ಲಿ 1950ಕ್ಕೆ ಕರೆಯೇ ಗತಿ. ಕೊಡುವುದಷ್ಟೇ ಅಲ್ಲ, ಮತಕ್ಕಾಗಿ ತೆಗೆದುಕೊಳ್ಳುವುದೂ ಕಾನೂನಿನ ಪ್ರಕಾರ (ಆಗ ಐಪಿಸಿ 171ಬಿ, ಈಗ ಭಾರತೀಯ ನ್ಯಾಯ ಸಂಹಿತೆಯ 170) ಲಂಚವೇ, ಒಂದು ವರ್ಷದವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಇದನ್ನು ಕೇಳಿ ಅವರು ಸುಮ್ಮನಾದರು.

ಇನ್ನು ಮುಂದೆ ಹೊರಡುವವರು ಪಟ್ಟಿ, ಪಹಣಿ, ಸ್ಟೇಟ್‌ಮೆಂಟ್, ಎಲ್ಲಿಗೆ ಕೊಡಬೇಕೋ ಅಲ್ಲಿನ ರಸೀದಿ, ಇವನ್ನು ಹಣದ ಜೊತೆಗೇ ಇಟ್ಟುಕೊಳ್ಳಿ. ಮನೆಯ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ. ಮೂಲ ಬೇರೆಯಾದರೆ ಕಟ್ಟೂ ಬೇರೆ, ಮೇಲೊಂದು ಚೀಟಿ. ಬೇರೆಯವರ ಗಾಡಿಯಾದರೆ ಸೀಟು ಎತ್ತಿ ನೋಡಿ. ಡ್ಯಾಶ್‌ಬೋರ್ಡಿನ ಪಕ್ಷದ ಶಾಲು, ಕ್ಯಾಲೆಂಡರ್, ಹಿಂದಿನ ಚುನಾವಣೆಯ ಸ್ಟಿಕ್ಕರ್ ಎಲ್ಲ ತೆಗೆಸಿ.

ಖಜಾನೆಯಿಂದ ಹೊರಬಿದ್ದವರು ನೇರ ಬ್ಯಾಂಕಿಗೆ ಹೋಗಿ 1,90,000 ಖಾತೆಗೆ ಕಟ್ಟಿ, ಛತ್ರಕ್ಕೂ ಜವಳಿ ಅಂಗಡಿಗೂ ಅಲ್ಲಿಂದಲೇ ಕಳಿಸಿದೆವು. ಅಡುಗೆಯವರು ಮಾತ್ರ ನಗದೇ ಬೇಕು ಅಂದರು. ಅವರಿಗೆ 45,000 ಹಿಡಿದು ಬಸ್ಸಿನಲ್ಲಿ ಹೋದೆವು, ಆದೇಶದ ಪ್ರತಿ ಮೇಲಿನ ಜೇಬಿನಲ್ಲಿ.